ಒಂದಕ್ಕೆ ಹತ್ತು ಎಂಬ ಲೆಕ್ಕ

ರಸ್ತೆಯೊಂದನ್ನು ಅಗಲಗೊಳಿಸಬೇಕೆಂದು ನಿಶ್ಚಯವಾಗಿ, ಅದರ ಇಕ್ಕೆಲಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನಿಂತುಬಂದಿರುವ ಸಾಲುಮರಗಳನ್ನು ಉರುಳಿಸಲು ಅಪ್ಪಣೆಯಾದಾಗ, ಆ ಅಪ್ಪಣೆಯ ಕಾಗದದ ಕೊನೆಯಲ್ಲಿ ಒಂದು ವಾಕ್ಯ ಬಹುಮಟ್ಟಿಗೆ ತಪ್ಪದೆ ಕಾಣಿಸಿಕೊಳ್ಳುತ್ತದೆ: ಕಡಿದ ಮರ ಒಂದಕ್ಕೆ ಹತ್ತರಂತೆ ಸಸಿಗಳನ್ನು ನೆಡತಕ್ಕದ್ದು. ಓದಿದವರಿಗೆ ಇದರಿಂದ ಸಮಾಧಾನವುಂಟಾಗುತ್ತದೆ. ಬರೆದವರಿಗೆ ಉಂಟಾಗುವ ಸಮಾಧಾನವು ಅದಕ್ಕಿಂತ ಹೆಚ್ಚಿನದೆಂದು ತೋರುತ್ತದೆ. ಒಂದನ್ನು ಕೊಟ್ಟು ಹತ್ತನ್ನು ಪಡೆದವನು ನಷ್ಟಪಟ್ಟನೆಂದು ಯಾರು ತಾನೆ ಹೇಳಿಯಾರು? ಆ ಹತ್ತರಲ್ಲಿ ಬದುಕಿ ಉಳಿಯುವವು ಎಷ್ಟು ಎಂಬ ಪ್ರಶ್ನೆಯನ್ನು ಪತ್ರಿಕೆಗಳು ಆಗಾಗ ಕೇಳುತ್ತಲೇ ಬಂದಿವೆ. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಹತ್ತಕ್ಕೆ ಹತ್ತೂ ಉಳಿದವೆಂದೇ ಇಟ್ಟುಕೊಳ್ಳೋಣ. ಒಂದನ್ನೂ ಆಡು ಮೇಯಲಿಲ್ಲ, ಒಂದಕ್ಕೂ ಬೇಸಗೆಯ ನೀರು ತಪ್ಪಲಿಲ್ಲ, ಕಡತದಲ್ಲಿ ಬರೆದಂತೆಯೇ ನೆಲದ ಮೇಲೂ ಇವೆ ಎನ್ನೋಣ. ಆಗಲೂ ಈ ಲೆಕ್ಕ ತಪ್ಪು. ಏಕೆಂದರೆ ಮರದಲ್ಲಿ ನಮಗೆ ಬೆಲೆಯುಳ್ಳದ್ದು ಯಾವುದೋ ಅದು ವರ್ಷಗಳಿಂದ ಆದದ್ದು. ಆ ವರ್ಷಗಳನ್ನು ಹತ್ತು ಗುಂಡಿಗಳಿಗೆ ಹಂಚಿ ಹತ್ತರಲ್ಲಿ ಒಂದು ಪಾಲು ಕಾಲದೊಳಗೆ ಬೆಳೆಸುವ ಉಪಾಯ ಯಾವ ಇಲಾಖೆಗೂ ತಿಳಿದಿಲ್ಲ.

ಮರವೆಂಬುದು ಯಾವುದರಿಂದ ಆಗುತ್ತದೆ ಎಂಬುದನ್ನು ಕೊಂಚ ವಿಚಾರಮಾಡಿದರೆ ಈ ಮಾತು ವಿಶದವಾದೀತು. ಮರವು ಮಣ್ಣನ್ನು ಉಂಡು ಬೆಳೆಯುತ್ತದೆಂದು ಜನ ಬಹುಕಾಲ ನಂಬಿದ್ದರು. ಇಂದಿಗೂ ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಇರುವುದು ಆ ನಂಬಿಕೆಯೇ. ಹದಿನೇಳನೆಯ ಶತಮಾನದಲ್ಲಿ, ಈಗ ಬೆಲ್ಜಿಯಂ ಎನಿಸಿಕೊಂಡಿರುವ ಸೀಮೆಯಲ್ಲಿದ್ದ ವಾನ್ ಹೆಲ್ಮಾಂಟ್ ಎಂಬ ವೈದ್ಯನು ಇದನ್ನು ಪರೀಕ್ಷಿಸಿಯೇ ನೋಡಬೇಕೆಂದು ಮನಸ್ಸುಮಾಡಿ, ಚೆನ್ನಾಗಿ ಒಣಗಿಸಿದ 200 ಪೌಂಡು ಮಣ್ಣನ್ನು ತೂಗಿ ಕುಂಡವೊಂದಕ್ಕೆ ತುಂಬಿ, ಅದರಲ್ಲಿ 5 ಪೌಂಡು ತೂಕದ ವಿಲ್ಲೋ ಗಿಡವೊಂದನ್ನು ನೆಟ್ಟು, ಐದು ವರ್ಷಗಳ ಕಾಲ ನೀರಲ್ಲದೆ ಬೇರೇನನ್ನೂ ಕೊಡದೆ ಬೆಳೆಸಿದನು. ಆಮೇಲೆ ಕಿತ್ತು ತೂಗಿದರೆ ಗಿಡ 169 ಪೌಂಡಿಗೂ ಮೀರಿತ್ತು. ಮಣ್ಣಿನಲ್ಲಿ ಕಡಮೆಯಾದದ್ದು ಸುಮಾರು ಎರಡು ಔನ್ಸು ಮಾತ್ರ. ಹಾಗಾದರೆ ನೀರೇ ಮರವಾಯಿತು ಎಂದು ಆತ ತೀರ್ಮಾನಿಸಿದನು. ಆತ ತೀರಿಕೊಂಡ ಮೇಲೆ, 1648ರಲ್ಲಿ, ಈ ಸಂಗತಿ ಗ್ರಂಥರೂಪದಲ್ಲಿ ಬೆಳಕಿಗೆ ಬಂದಿತು. ತೀರ್ಮಾನ ಪೂರ್ತಿ ಸರಿಯಲ್ಲವೆಂದು ಮುಂದಿನ ಶತಮಾನಗಳ ವಿದ್ವಾಂಸರು ಕಂಡುಕೊಂಡರು: ಎಲೆಯ ಕೆಳಮೈಯ ಸೂಕ್ಷ್ಮರಂಧ್ರಗಳಿಂದ ಒಳಹೊಕ್ಕ ಗಾಳಿಯ ಇಂಗಾಲಾಮ್ಲವು ಬೇರಿನಿಂದ ಮೇಲೇರಿದ ನೀರಿನೊಡನೆ ಸೂರ್ಯನ ಬೆಳಕಿನ ಬಲದಿಂದ ಕೂಡಿ ಸಕ್ಕರೆಯಾಗಿ, ಆ ಸಕ್ಕರೆ ಕ್ರಮೇಣ ನಾರಾಗಿ ಮರವಾಗುತ್ತದೆ. ಇಬ್ಬರು ಕೈಹಿಡಿದು ತಬ್ಬಿದರೂ ತೆಕ್ಕೆಗೆ ಸಿಕ್ಕದ ಹುಣಸೆಯ ಬೊಡ್ಡೆಯೊಂದು ಬಹುಪಾಲು ಗಾಳಿಯಿಂದಲೇ ಆಗಿದೆ ಎಂಬುದು, ಅದನ್ನು ಕೊಡಲಿಯಿಂದ ಹೊಡೆದು ನೋಡಿದವನಿಗೆ, ಸುಲಭವಾಗಿ ನಂಬಲಾಗದ ಸಂಗತಿ, ಆದರೆ ನಿಜ. ಗಾಳಿಯಲ್ಲಿ ಈ ಅನಿಲವಿರುವುದೋ ಅತ್ಯಲ್ಪ; ಹಗಲಿರುವುದೋ ಅರ್ಧದಿನ; ನಮ್ಮ ಬಯಲುಸೀಮೆಯಲ್ಲಿ ನೆಲದಲ್ಲಿ ತೇವವಿರುವುದೋ ವರ್ಷದ ಕೆಲವು ತಿಂಗಳು. ಇಷ್ಟು ಜಿಪುಣವಾದ ಆದಾಯದಿಂದ ಅಷ್ಟು ದೊಡ್ಡ ಆಸ್ತಿಯನ್ನು ಕೂಡಿಸಬೇಕಾದರೆ ಕಾಲವಲ್ಲದೆ ಬೇರೆ ಮಾರ್ಗವಿಲ್ಲ.

ಕೂಡಿಸುವ ಕ್ರಮವಾದರೂ ವಿಲಕ್ಷಣವಾದದ್ದು. ಪ್ರಾಣಿಯು ಒಂದು ಪ್ರಮಾಣಕ್ಕೆ ಬಂದು ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಮರ ಬದುಕಿರುವವರೆಗೂ ಬೆಳೆಯುತ್ತದೆ, ಮತ್ತು ತನ್ನ ಹಳೆಯ ಮೈಯನ್ನು ಬದಲಿಸದೆ ಅದರ ಮೇಲೆಯೇ ಹೊಸ ಪದರವನ್ನು ಹೊದಿಸುತ್ತ ಬೆಳೆಯುತ್ತದೆ. ಆಳೆತ್ತರದಲ್ಲಿ ಬೊಡ್ಡೆಗೆ ಹೊಡೆದ ಮೊಳೆಯು, ಮರ ನೂರು ಅಡಿ ಎತ್ತರಕ್ಕೆ ಹೋದರೂ ಆಳೆತ್ತರದಲ್ಲಿಯೇ ಇರುತ್ತದೆ. ಬೆಳೆಯುವುದು ತುದಿಯಲ್ಲಿ, ದಪ್ಪವಾಗುವುದು ತೊಗಟೆಯ ಅಡಿಯಲ್ಲಿ. ಆ ತೊಗಟೆಯ ಅಡಿಯ ತೆಳುವಾದ ಪೊರೆಯೊಂದರಲ್ಲಿಯೇ ಮರದ ಜೀವವೆಲ್ಲ ಅಡಗಿರುವುದು. ನಾವು ಚೇಗು ಎಂದು ಮೆಚ್ಚಿ ಬೆಲೆಕೊಡುವ ನಡುವಣ ಗಟ್ಟಿಭಾಗವು, ಮರ ಹಸಿರಾಗಿ ನಿಂತಿರುವಾಗಲೇ, ಜೀವವಿಲ್ಲದ ಕಂಬ. ಆದಕಾರಣವೇ ಸುತ್ತಲೂ ಒಂದು ಗೇಣು ತೊಗಟೆಯನ್ನು ಸುಲಿದರೆ ಎಂಥ ಹೆಮ್ಮರವೂ ಸಾಯುತ್ತದೆ. ಒಳಗೆಲ್ಲ ಪೊಳ್ಳಾದರೂ ಹೊರಗಿನ ಆ ಪೊರೆ ನೆಟ್ಟಗಿದ್ದರೆ ಬದುಕುತ್ತದೆ. ದೇವನಹಳ್ಳಿಯ ಸಮೀಪದ ನಲ್ಲೂರಿನಲ್ಲಿ ಸುಮಾರು 54 ಎಕರೆಯ ಹುಣಸೆಯ ತೋಪೊಂದಿದೆ. ಚೋಳರ ಕಾಲದ್ದೆಂದು ಪ್ರತೀತಿ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆ ಪಡೆದ ಆ ತೋಪಿನಲ್ಲಿ, ಒಳಗೆ ಮನುಷ್ಯ ನುಸುಳಬಹುದಾದಷ್ಟು ಪೊಳ್ಳಾಗಿ, ತಿರುಚಿಕೊಂಡು, ಹೋಳಾಗಿ ಒರಗಿ, ಒರಗಿದ ಕಡೆ ಮತ್ತೆ ಚಿಗುರಿ ನಿಂತಿರುವ ಮರಗಳನ್ನು ಯಾರಾದರೂ ಹೋಗಿ ನೋಡಬಹುದು. ಊರ ಬೀದಿಯಲ್ಲಿ ಅಂಥದೊಂದು ಇದ್ದಿದ್ದರೆ ಅದಕ್ಕೆ ಅಪಾಯಕಾರಿ ಮರವೆಂಬ ಹಣೆಪಟ್ಟಿ ಹಚ್ಚಿ ಎಂದೋ ಸೌದೆಯ ಡಿಪೋಗೆ ಕಳಿಸಿರುತ್ತಿದ್ದರು. ಬೀಳುವ ಮರವೂ ಉಂಟು, ಬಿದ್ದು ಪ್ರಾಣ ತೆಗೆಯುವ ಮರವೂ ಉಂಟು. ಅದನ್ನು ಅಲ್ಲಗಳೆಯುವುದು ಹುಡುಗಾಟ. ಆದರೆ ಪೊಟರೆ ಕಂಡ ಮಾತ್ರಕ್ಕೆ ಮರಣವನ್ನು ನಿಶ್ಚಯಿಸತಕ್ಕದ್ದಲ್ಲ. ತಿಳಿದವರು ಬಂದು ಬೇರನ್ನೂ ಭಾರ ಒರಗಿರುವ ದಿಕ್ಕನ್ನೂ ಪರೀಕ್ಷಿಸಿ ಹೇಳಬೇಕು. ಪೊಟರೆಯಾದರೋ ಗಿಳಿಗೆ, ಗೂಬೆಗೆ, ಗೊರವಂಕಕ್ಕೆ ಮನೆ, ಸಸಿಯಲ್ಲಿ ಪೊಟರೆಯಿರುವುದಿಲ್ಲ.

ಮರದ ಬೆಲೆಯನ್ನು ರೂಪಾಯಿಗಳಲ್ಲಿ ಹೇಳಿದರೆ ಮಾತ್ರ ಸರ್ಕಾರ ಕಿವಿಗೊಡುತ್ತದೆಂದು ಕೆಲವರು ಪ್ರಯತ್ನಿಸಿದ್ದಾರೆ. 1979ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಟಿ. ಎಂ. ದಾಸ್ ಎಂಬವರು, ಐವತ್ತು ವರ್ಷ ಬದುಕಿದ ಮಧ್ಯಮಗಾತ್ರದ ಮರವೊಂದರ ಉಪಕಾರಗಳನ್ನೆಲ್ಲ ಲೆಕ್ಕಹಾಕಿ, ನಾಟವನ್ನೂ ಹಣ್ಣನ್ನೂ ಸೌಂದರ್ಯವನ್ನೂ ಬಿಟ್ಟು, ಸುಮಾರು 15 ಲಕ್ಷ 70 ಸಾವಿರ ರೂಪಾಯಿಯೆಂದು ಹೇಳಿದರು. 2021ರಲ್ಲಿ, ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ ಹಳೆಯ ಮರಗಳನ್ನು ಕಡಿಯುವ ವಿವಾದ ಸುಪ್ರೀಂ ಕೋರ್ಟಿನ ಮುಂದಿದ್ದಾಗ, ಅದು ನೇಮಿಸಿದ ತಜ್ಞರ ಸಮಿತಿಯು ಒಂದು ಮರಕ್ಕೆ ವರ್ಷಕ್ಕೆ 74,500 ರೂಪಾಯಿಯಂತೆ ಬೆಲೆ ಕಟ್ಟಿತು. ಅದರಲ್ಲಿ 45,000 ರೂಪಾಯಿ ಆಮ್ಲಜನಕದ ಬಾಬತ್ತು. ಈ ಮಹನೀಯರ ಉದ್ದೇಶದಲ್ಲಿ ನನಗೆ ಗೌರವವಿದೆ; ವಾದದಲ್ಲಿ ವಿಶ್ವಾಸವಿಲ್ಲ. ವಾಯುಮಂಡಲದ ಐದರಲ್ಲಿ ಒಂದು ಪಾಲು ಆಮ್ಲಜನಕವೇ ಆಗಿದೆ. ಬೀದಿಯ ಮರ ಹೋದದ್ದರಿಂದ ಉಸಿರಾಡಲು ಆಮ್ಲಜನಕ ಸಾಲದೆ ಯಾವ ಊರಿನವರೂ ಕಷ್ಟಪಟ್ಟದ್ದಿಲ್ಲ. ಅಲ್ಲದೆ ಮರ ತನ್ನ ಆಯುಷ್ಯದಲ್ಲಿ ಬಿಟ್ಟುಕೊಟ್ಟ ಆಮ್ಲಜನಕವನ್ನು, ಅದು ಸತ್ತು ಕೊಳೆಯುವಾಗಲೋ ಒಲೆಯಲ್ಲಿ ಉರಿಯುವಾಗಲೋ, ಬಹುಮಟ್ಟಿಗೆ ಹಿಂದಕ್ಕೆ ಪಡೆದುಬಿಡುತ್ತದೆ. ಆಸ್ಪತ್ರೆಯ ಸಿಲಿಂಡರಿಗೆ ಪೇಟೆಯಲ್ಲಿ ಒಂದು ದರವುಂಟಾದ್ದರಿಂದ ಮರದ ಗುಣಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಎಲ್ಲಕ್ಕಿಂತ ಹೆಚ್ಚು ಬೆಲೆಯದಾಯಿತು, ಅಷ್ಟೆ. ಇನ್ನೊಂದು ಅಪಾಯವೂ ಇದೆ. ಬೆಲೆ ಗೊತ್ತಾದ ವಸ್ತುವನ್ನು ಕೊಳ್ಳಲು ಯಾರಾದರೂ ಬಂದೇ ಬರುತ್ತಾರೆ. ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಜಲ್ಲಿ, ಡಾಂಬರು, ಮರ ಎಂದು ಮೂರು ಬಾಬತ್ತುಗಳಾಗಿ, ಹಣ ಕಟ್ಟಿದವನಿಗೆ ಕಡಿಯುವ ಹಕ್ಕು ಬಂದಂತಾಗುತ್ತದೆ.

ಮರದ ನಿಜವಾದ ಉಪಕಾರ ಯಾವುದೆಂದು ಕೇಳಿದರೆ ನಮ್ಮ ನಾಡಿನ ಮಟ್ಟಿಗೆ ನಾನು ನೆರಳು ಎನ್ನುತ್ತೇನೆ. ಇಷ್ಟು ಸಾಮಾನ್ಯವಾದ ಉತ್ತರಕ್ಕೆ ಓದುಗರು ಕ್ಷಮಿಸಬೇಕು. ಬೆಂಗಳೂರಿನ ಬೀದಿಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರಗಳಿರುವ ಬೀದಿಯ ಗಾಳಿಯು ಮರಗಳಿಲ್ಲದ ಬೀದಿಯ ಗಾಳಿಗಿಂತ ಕೆಲವೊಮ್ಮೆ 5 ಡಿಗ್ರಿಗೂ ಹೆಚ್ಚು ತಂಪಾಗಿರುವುದೂ, ಡಾಂಬರಿನ ಮೇಲ್ಮೈಯಲ್ಲಿ 27 ಡಿಗ್ರಿಯವರೆಗೂ ಅಂತರವಿರುವುದೂ ಕಂಡುಬಂದಿತು. ನೆರಳೆಂದರೆ ಬಿಸಿಲನ್ನು ತಡೆಯುವ ಚಪ್ಪರವೊಂದೇ ಅಲ್ಲ. ತಗಡಿನ ಚಪ್ಪರದ ಕೆಳಗೆ ಕುಳಿತವರಿಗೆಲ್ಲ ಈ ಭೇದ ಗೊತ್ತು. ಮರ ಬೇರಿನಿಂದ ಹೀರಿದ ನೀರಿನ ಹೆಚ್ಚಿನ ಪಾಲನ್ನು ಎಲೆಗಳಿಂದ ಆವಿಯಾಗಿ ಬಿಡುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಸುತ್ತಣ ಗಾಳಿಯಿಂದ ಸೆಳೆದುಕೊಳ್ಳುತ್ತದೆ. ಅದರ ತಂಪು ಅಲ್ಲಿಂದ ಬರುವುದು. ಈ ತಂಪು ಎಲೆಗಳ ಒಟ್ಟು ವಿಸ್ತಾರವನ್ನು ಅನುಸರಿಸಿರುತ್ತದೆ, ಎಲೆಗಳ ವಿಸ್ತಾರ ಕೊಂಬೆಗಳನ್ನು, ಕೊಂಬೆಗಳು ವಯಸ್ಸನ್ನು. ಹತ್ತು ಸಸಿಗಳ ನೆರಳನ್ನು ಒಟ್ಟಿಗೆ ಕೂಡಿಸಿದರೂ ಒಂದು ಎಮ್ಮೆ ಮಲಗಲು ಸಾಲದು.

ಈ ನೆರಳನ್ನು ಅನುಭವಿಸುವವರು ಯಾರೆಂಬುದನ್ನೂ ಯೋಚಿಸಬೇಕು. ಎಳನೀರಿನ ಗಾಡಿಯವನು, ಚಪ್ಪಲಿ ಹೊಲಿಯುವವನು, ಪಂಕ್ಚರ್ ಹಾಕುವವನು, ತಂಗುದಾಣವಿಲ್ಲದ ನಿಲುಗಡೆಯಲ್ಲಿ ಬಸ್ಸಿಗಾಗಿ ಕಾದಿರುವ ಮುದುಕಿ, ಕುರಿಮಂದೆಯೊಡನೆ ಊರಿಂದೂರಿಗೆ ನಡೆಯುವ ಕುರುಬ, ಮಧ್ಯಾಹ್ನದ ಬುತ್ತಿ ಬಿಚ್ಚುವ ರಸ್ತೆಕೆಲಸದ ಕೂಲಿಯಾಳುಗಳು: ಇವರಿಗೆ ಮರವೇ ಅಂಗಡಿ, ಮರವೇ ಸತ್ರ. ಗಾಜೇರಿಸಿದ ತಣ್ಣನೆಯ ಮೋಟಾರಿನಲ್ಲಿ ಹೋಗುವವನಿಗೆ ಸಾಲುಮರವು ಒಂದು ದೃಶ್ಯ ಮಾತ್ರ, ಇದ್ದರೆ ಚೆನ್ನ, ಇಲ್ಲದಿದ್ದರೂ ನಡೆಯುತ್ತದೆ. ರಸ್ತೆ ಎಷ್ಟು ಅಗಲವಾಗಬೇಕೆಂದು ತೀರ್ಮಾನಿಸುವವರೆಲ್ಲರೂ ಎರಡನೆಯ ವರ್ಗದವರಾಗಿರುವುದು ಆಕಸ್ಮಿಕವಾಗಿದ್ದರೂ ಇರಬಹುದು. ಅದರ ಫಲ ಮಾತ್ರ ಆಕಸ್ಮಿಕವಲ್ಲ.

ಮನುಷ್ಯರಲ್ಲದ ಫಲಾನುಭವಿಗಳ ಮಾತು ಬಂದಾಗ ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳ ಸಂಸಾರವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಈ ಮರಗಳ ಹೂವು ಕಣ್ಣಿಗೆ ಕಾಣುವುದಿಲ್ಲ. ನಾವು ಕಾಯಿ ಎಂದು ತಿಳಿಯುವ ಗುಂಡಿಯ ಒಳಗೋಡೆಯಲ್ಲಿ ನೂರಾರು ಹೂಗಳು ಒಳಮುಖವಾಗಿ ಅರಳಿರುತ್ತವೆ. ಅವುಗಳ ಪರಾಗಸ್ಪರ್ಶಕ್ಕೆ ಒಂದೊಂದು ಜಾತಿಗೂ ಬಹುಮಟ್ಟಿಗೆ ಅದರದೇ ಆದ ಒಂದು ಸಣ್ಣ ಕಣಜವುಂಟು, ಗುಂಡುಸೂಜಿಯ ತಲೆಗಿಂತ ಹೆಚ್ಚು ದೊಡ್ಡದಲ್ಲ. ಅದು ಕಾಯಿಯ ಬಾಯಿಯಲ್ಲಿ ರೆಕ್ಕೆ ಮುರಿದುಕೊಂಡು ಒಳಹೊಕ್ಕು, ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂಗಳಿಗೆ ಸೋಕಿಸಿ, ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಅದರ ಮಕ್ಕಳು ಹೊರಬಂದ ಮೇಲೆ ಒಂದೆರಡು ದಿನ ಮಾತ್ರ ಬದುಕುತ್ತವೆ. ಅಷ್ಟರೊಳಗೆ ಅದೇ ಜಾತಿಯ, ಎಳೆಗಾಯಿ ಬಿಟ್ಟ ಮತ್ತೊಂದು ಮರವನ್ನು ಸೇರದಿದ್ದರೆ ವಂಶವೇ ನಿಂತಿತು. ಇಂತಿರಲು ಎಲ್ಲ ಆಲದ ಮರಗಳೂ ಮಾವಿನಂತೆ ಒಂದೇ ಋತುವಿನಲ್ಲಿ ಕಾಯಿಬಿಡುವಂತಿಲ್ಲ; ಸೀಮೆಯಲ್ಲಿ ವರ್ಷದ ಯಾವ ವಾರದಲ್ಲಿ ನೋಡಿದರೂ ಎಲ್ಲೋ ಒಂದು ಮರ ಫಲಭರಿತವಾಗಿರಬೇಕು. ಕಣಜಕ್ಕಾಗಿ ಆದ ಈ ಏರ್ಪಾಟಿನಿಂದ, ಕಾಡಿನಲ್ಲಿ ಬೇರೆ ಹಣ್ಣೇ ಇಲ್ಲದ ದಿನಗಳಲ್ಲಿಯೂ, ಕುಟ್ರಹಕ್ಕಿ, ಪಿಕಳಾರ, ಹಸುರುಪಾರಿವಾಳ, ಮಂಗಟ್ಟೆ, ಬಾವಲಿ, ಅಳಿಲು, ಕೋತಿ ಇವೆಲ್ಲಕ್ಕೂ ಊಟ ದೊರೆಯುತ್ತದೆ. ರಸ್ತೆಗಾಗಿ ಒಂದು ಸಾಲನ್ನು ಕಡಿದಾಗ ನಾವು ಆ ವರ್ಷಪೂರ್ತಿಯ ಸರದಿಯಲ್ಲಿ ಕೆಲವು ವಾರಗಳನ್ನೇ ಹರಿದುಹಾಕಿರಬಹುದು. ನೆಟ್ಟ ಸಸಿಯು ಕಾಯಿಬಿಡುವ ವಯಸ್ಸಿಗೆ ಬರುವವರೆಗೆ ಆ ಕಣಜವೂ ಆ ಹಕ್ಕಿಯೂ ಕಾದುಕೊಂಡಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಈಗ ನೆಡುವ ಹತ್ತು ಸಸಿಗಳಲ್ಲಿ ಆಲವೇ ಇರುವುದಿಲ್ಲ. ಬೇಗ ಬೆಳೆದು ಬೇಗ ಹೂಬಿಡುವ, ತಂತಿಗೆ ತಾಕದ, ಪಾದಚಾರಿಮಾರ್ಗವನ್ನು ಎಬ್ಬಿಸದ ಅಲಂಕಾರದ ಗಿಡಗಳೇ ಹೆಚ್ಚು.

ದಾರಿಯ ಬದಿಯಲ್ಲಿ ಮರ ನೆಡುವುದು ನಮ್ಮ ದೇಶದ ಬಹಳ ಹಳೆಯ ರಾಜಕಾರ್ಯ. ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಮೇಲಿನ ಏಳನೆಯ ಶಾಸನದಲ್ಲಿ ಅಶೋಕನು, ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದ್ದನ್ನು, ಮಾವಿನ ತೋಪುಗಳನ್ನು ಬೆಳೆಸಿದ್ದನ್ನು, ಬಾವಿಗಳನ್ನು ತೋಡಿಸಿದ್ದನ್ನು ಹೇಳಿ, ಹಿಂದಿನ ಅರಸರೂ ಇಂಥ ಸುಖಗಳನ್ನು ಒದಗಿಸಿದ್ದರೆಂದು ವಿನಯದಿಂದ ಸೇರಿಸುತ್ತಾನೆ. ಪಶುಗಳನ್ನು ಮನುಷ್ಯರ ಜೊತೆಗೇ ಎಣಿಸಿರುವುದು ಗಾಡಿ ಎಳೆಯುವ ಎತ್ತಿನ ಬಳಲಿಕೆಯನ್ನು ಕಂಡಿದ್ದವನ ಮಾತು. ನಮ್ಮ ಕಡೆಯ ಶಿಲಾಶಾಸನಗಳಲ್ಲಿಯೂ ಕೆರೆ, ಬಾವಿ, ಅರವಟ್ಟಿಗೆ, ತೋಪುಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಹಳೆಯ ಮೈಸೂರು ಸೀಮೆಯ ರೆವಿನ್ಯೂ ದಾಖಲೆಗಳಲ್ಲಿ ಇಂದಿಗೂ ಗುಂಡುತೋಪು ಎಂಬ ಹೆಸರಿನ ಸರ್ವೆ ನಂಬರುಗಳಿವೆ. ಮಾವು, ನೇರಳೆ, ಹಿಪ್ಪೆ, ಹೊಂಗೆ, ಹುಣಸೆಗಳಿಂದ ಕೂಡಿ, ಊರಿಗೆಲ್ಲ ಸೇರಿದ್ದಾಗಿ ಯಾರೊಬ್ಬರಿಗೂ ಸೇರದೆ, ಮದುವೆಯ ದಿಬ್ಬಣವೂ ಜಾತ್ರೆಯ ಗಾಡಿಗಳೂ ಇಳಿದುಕೊಳ್ಳುತ್ತಿದ್ದ ತಾಣಗಳವು. ದಾಖಲೆಯಲ್ಲಿ ತೋಪು ಉಳಿದಿದೆ. ಸ್ಥಳದಲ್ಲಿ ಅನೇಕ ಕಡೆ ಸಮುದಾಯಭವನವೋ ನಿವೇಶನಗಳ ಸಾಲೋ ನಿಂತಿದೆ. ರಸ್ತೆಬದಿಯ ಹುಣಸೆಯ ಫಸಲನ್ನು ಪ್ರತಿವರ್ಷ ಹರಾಜು ಹಾಕುವ ಪದ್ಧತಿ ಕೆಲವೆಡೆ ಇನ್ನೂ ಇದೆ. ಬಿಸಿಲಲ್ಲಿ ಕುಳಿತು ಹುಣಸೆ ಕುಟ್ಟಿ ಬೀಜ ಬಿಡಿಸುವ ಹೆಂಗಸರ ಕೂಲಿಯೂ ಆ ಸಾಲಿನಿಂದಲೇ ಹುಟ್ಟುತ್ತಿತ್ತೆಂಬುದು ಯಾವ ಅಂದಾಜುಪಟ್ಟಿಯಲ್ಲಿಯೂ ಬರುವುದಿಲ್ಲ.

ಸಾಲುಮರವೆಂದೊಡನೆ ತಿಮ್ಮಕ್ಕನವರ ನೆನಪಾಗುವುದು ಸಹಜ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು ನಾಲ್ಕು ಕಿಲೋಮೀಟರು ದಾರಿಯಲ್ಲಿ ಆಕೆಯೂ ಆಕೆಯ ಪತಿ ಚಿಕ್ಕಯ್ಯನವರೂ ನೂರಾರು ಆಲದ ಮರಗಳನ್ನು ಬೆಳೆಸಿದ ಕಥೆ ನಾಡಿಗೆಲ್ಲ ತಿಳಿದದ್ದು. ಮಕ್ಕಳಿಲ್ಲದ ದಂಪತಿಗಳು ಮರಗಳನ್ನೇ ಮಕ್ಕಳೆಂದು ಸಾಕಿದರೆಂದು ಸಭೆಗಳಲ್ಲಿ ಹೇಳುವವರ ಕಂಠ ಗದ್ಗದವಾಗುತ್ತದೆ. ನನಗೆ ಆ ಕಥೆಯಲ್ಲಿ ಹೆಚ್ಚು ಗಮನಾರ್ಹವೆಂದು ತೋರುವುದು ಆ ಭಾವುಕಭಾಗವಲ್ಲ. ಕೊಡಗಳಲ್ಲಿ ನೀರು ಹೊತ್ತು ಅಷ್ಟು ದೂರ ನಡೆದದ್ದು, ದನ ಬಾಯಿಹಾಕದಂತೆ ಮುಳ್ಳು ಕಟ್ಟಿದ್ದು, ಇದನ್ನು ವರ್ಷವರ್ಷವೂ, ಹೊಲದ ಕೂಲಿಯ ನಡುವೆ, ಯಾರೂ ಹೇಳದೆ ಮಾಡಿದ್ದು. ನೆಡುವುದು ಒಂದು ಗಳಿಗೆಯ ಕೆಲಸ, ಛಾಯಾಚಿತ್ರಕ್ಕೆ ಅನುಕೂಲವಾದದ್ದು. 1950ರಲ್ಲಿ ಕೆ. ಎಂ. ಮುನ್ಷಿಯವರು ಸದುದ್ದೇಶದಿಂದಲೇ ಆರಂಭಿಸಿದ ವನಮಹೋತ್ಸವವು, ಎಷ್ಟೋ ಕಡೆ ಪ್ರತಿವರ್ಷವೂ ಅದೇ ಗುಂಡಿಯಲ್ಲಿ ನಡೆಯುತ್ತ ಬಂದಿರುವುದು ನಗೆಯ ಮಾತಾಗಿಹೋಗಿದೆ. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲಗೊಳಿಸುವ ಯೋಜನೆಯಿಂದ ಆಕೆಯ ಮರಗಳಿಗೇ ಆಪತ್ತು ಬಂದು, ನೂರು ವರ್ಷ ದಾಟಿದ ಆ ವೃದ್ಧೆ ಅವನ್ನು ಉಳಿಸಿಕೊಡಿರೆಂದು ಸರ್ಕಾರದ ಮುಂದೆ ಮೊರೆಯಿಡಬೇಕಾಯಿತು. ಬದಲಿ ಮಾರ್ಗವನ್ನು ನೋಡುವುದಾಗಿ ಸರ್ಕಾರ ಭರವಸೆ ಕೊಟ್ಟಿತು. 2025ರ ನವೆಂಬರಿನಲ್ಲಿ ಆಕೆ ತೀರಿಕೊಂಡರು. ಪದ್ಮಶ್ರೀ ಪಡೆದವರು ನೆಟ್ಟ ಮರಕ್ಕೇ ಈ ಭಯವಿದ್ದ ಮೇಲೆ, ಹೆಸರು ಉಳಿಸದೆ ಹೋದವರು ನೆಟ್ಟ ಮರಗಳ ಪರವಾಗಿ ಮೊರೆಯಿಡುವವರು ಯಾರು?

ಸಸಿ ನೆಡುವುದೇ ವ್ಯರ್ಥವೆಂದು ನಾನು ವಾದಿಸುತ್ತಿರುವೆನೆಂದು ಯಾರೂ ಭಾವಿಸಬಾರದು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೆಂಗಳೂರಿನ ಬಡಾವಣೆಗಳಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಬೆರಳುದ್ದದ ಸಸಿಯನ್ನು ಬೀದಿಗೆ ಬಿಡದೆ ಎತ್ತರಕ್ಕೆ ಬೆಳೆಸಿ ತಂದು, ಸುತ್ತ ಕಟಕಟೆ ಕಟ್ಟಿಸಿ, ಮನೆಯವರನ್ನು ಒಪ್ಪಿಸಿ ಅವರ ಕಣ್ಗಾವಲಿನಲ್ಲಿ ಬಿಟ್ಟದ್ದು ಅವರ ಕ್ರಮ. ಅವರಿಗಿಂತ ಮೊದಲು, 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ಉದ್ಯಾನಶಾಸ್ತ್ರಜ್ಞ ಕ್ರುಂಬಿಗಲ್, ವರ್ಷದ ಒಂದೊಂದು ಕಾಲದಲ್ಲಿ ಒಂದೊಂದು ಬೀದಿ ಹೂಬಿಡುವಂತೆ ಮರಗಳನ್ನು ಆರಿಸಿ ಹಾಕಿಸಿದ್ದರು. ಬೆಂಗಳೂರು ಉದ್ಯಾನನಗರಿಯೆಂಬ ಹೆಸರನ್ನು ಇಂಥವರ ಶ್ರಮದಿಂದ ಗಳಿಸಿತು. ಆದರೆ ನೇಗಿನಹಾಳರ ಸಸಿಗಳು ಇದೀಗ ನಾಲ್ವತ್ತು ವರ್ಷದ ಮರಗಳಾಗಿ, ಪೂರ್ಣವಾದ ನೆರಳು ಕೊಡತಕ್ಕ ಪ್ರಾಯಕ್ಕೆ ಬಂದಿರುವಾಗ, ಮೆಟ್ರೋ ರೈಲಿಗೆ, ಮೇಲ್ಸೇತುವೆಗೆ, ಚರಂಡಿಗೆ ಒಂದೊಂದಾಗಿ ಬೀಳುತ್ತಿವೆ. ನಾಲ್ವತ್ತು ವರ್ಷಕ್ಕೊಮ್ಮೆ ಕಡಿದು ಮತ್ತೆ ಮೊದಲಿನಿಂದ ನೆಡುವ ನಗರವು, ಎಷ್ಟೇ ಕೋಟಿ ಸಸಿಗಳ ಲೆಕ್ಕ ತೋರಿಸಿದರೂ, ಯಾವಾಗಲೂ ಸಸಿಗಳ ನಗರವಾಗಿಯೇ ಉಳಿಯುತ್ತದೆ.

ಎದುರುವಾದವಿದೆ, ಅದನ್ನು ಕೇಳತಕ್ಕದ್ದೇ. ವಾಹನಗಳು ಹೆಚ್ಚಿವೆ, ಇಕ್ಕಟ್ಟಾದ ರಸ್ತೆಯಲ್ಲಿ ರಾತ್ರಿ ಮರಕ್ಕೆ ಬಡಿದು ಜನ ಸತ್ತಿದ್ದಾರೆ, ಹಳ್ಳಿಯ ಬಸುರಿಯನ್ನು ಆಸ್ಪತ್ರೆಗೆ ಸಾಗಿಸಲು ಒಳ್ಳೆಯ ರಸ್ತೆ ಬೇಕು. ಇದೆಲ್ಲ ದಿಟ. ಎಲ್ಲ ಮರಗಳೂ ಪೂಜ್ಯವೆಂದು ನಾನು ಹೇಳೆನು. ನೀಲಗಿರಿ, ಅಕೇಶಿಯಾಗಳ ಕಟಾವಿಗಾಗಿ ಯಾರೂ ಕಣ್ಣೀರಿಡಬೇಕಾಗಿಲ್ಲ, ಬೆಳೆಸಿದ್ದೇ ಕಡಿಯುವುದಕ್ಕಾಗಿ. ಆದರೆ ಹಳೆಯ ಸಾಲನ್ನು ನಡುವಣ ಪಟ್ಟಿಯಾಗಿ ಉಳಿಸಿ ಅದರ ಆಚೆ ಮತ್ತೊಂದು ಹಾದಿ ಹಾಕುವುದು ಹಲವು ಕಡೆ ಸಾಧ್ಯ. ಊರನ್ನು ಬಳಸಿ ಹೋಗುವ ಹೊಸ ಮಾರ್ಗ ಮಾಡಿ ಹಳೆಯದನ್ನು ಊರವರಿಗೆ ಬಿಡುವುದು ಇನ್ನೂ ಹಲವು ಕಡೆ ಸಾಧ್ಯ. ಜಮೀನಿನ ಪರಿಹಾರ ದುಬಾರಿಯಾಗುತ್ತದೆ ಎಂಬುದೇ ಇದಕ್ಕೆ ಬರುವ ಉತ್ತರ. ಹೊಲದವನಿಗೆ ಪರಿಹಾರ ಕೊಡಬೇಕು, ಮರಕ್ಕೆ ಕೊಡಬೇಕಾಗಿಲ್ಲ. ಆದ್ದರಿಂದ ಮರ ಅಗ್ಗ. ಇನ್ನು ಮರಗಳನ್ನು ಬೇರುಸಹಿತ ಎತ್ತಿ ಬೇರೆಡೆ ನೆಡುವ ಯಂತ್ರವಿಧಾನದ ಬಗೆಗೆ ಹೇಳುವುದಾದರೆ, ಆಲ ಅರಳಿಗಳ ಜಾತಿಗೆ ಅದು ಕೆಲವೊಮ್ಮೆ ಒಗ್ಗುತ್ತದೆ. ಕೊಂಬೆಗಳನ್ನೆಲ್ಲ ಸವರಿ ಕಂಬ ಮಾಡಿ ಒಯ್ದು ನಿಲ್ಲಿಸಿದ ಮೇಲೆ ಬದುಕಿದರೂ, ಅದು ತನ್ನ ಹಳೆಯ ನೆರಳನ್ನು ಮತ್ತೆ ಮೊದಲಿನಿಂದ ಸಂಪಾದಿಸಬೇಕು, ಮತ್ತು ಸಂಪಾದಿಸುವುದು ನೆರಳು ಕಳೆದುಕೊಂಡವರ ಊರಿನಲ್ಲಲ್ಲ.

ಕೊಡಲಿ ತಾಕದೆ ಸಾಯುವ ಮರಗಳ ಕಥೆ ಇದಕ್ಕಿಂತ ದೊಡ್ಡದು, ಸುದ್ದಿಯಾಗದ್ದು. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆಂಬುದು ಜನರ ಭಾವನೆ. ನೀರನ್ನೂ ಸಾರವನ್ನೂ ಹೀರುವ ಸಣ್ಣ ಬೇರುಗಳು ಬಹುಪಾಲು ನೆಲದ ಮೇಲಿನ ಒಂದು ಒಂದೂವರೆ ಅಡಿಯಲ್ಲಿಯೇ ಇದ್ದು, ಕೊಂಬೆಯ ತುದಿಯನ್ನೂ ದಾಟಿ ಹಬ್ಬಿರುತ್ತವೆ. ಅವಕ್ಕೂ ಉಸಿರಾಡಲು ಗಾಳಿ ಬೇಕು. ಬೊಡ್ಡೆಯ ಕತ್ತಿನವರೆಗೂ ಕಾಂಕ್ರೀಟು ಸುರಿದು, ಮೇಲೆ ಟೈಲ್ಸು ಹಾಸಿ, ಒಂದು ಪಕ್ಕ ಕೇಬಲ್ಲಿಗಾಗಿ, ಇನ್ನೊಂದು ಪಕ್ಕ ಚರಂಡಿಗಾಗಿ ಅಗೆದು ಬೇರು ಕತ್ತರಿಸಿ, ಮೂರು ವರ್ಷ ಕಳೆದು ಆಷಾಢದ ಗಾಳಿಗೆ ಆ ಮರ ಬಿದ್ದಾಗ, ಹಳೆಯ ಮರ, ಶಿಥಿಲವಾಗಿತ್ತು ಎನ್ನುತ್ತೇವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞೆಮಾಡಿತು. ನಮ್ಮ ನಗರಸಭೆಗಳು ಆ ಒಂದು ಮೀಟರನ್ನು ತಾವಾಗಿಯೇ ಬಿಟ್ಟುಕೊಟ್ಟರೆ, ವನಮಹೋತ್ಸವದ ಖರ್ಚಿನ ಅಲ್ಪಾಂಶದಲ್ಲಿ, ಈಗಾಗಲೇ ಬೆಳೆದು ನಿಂತಿರುವ ಸಾವಿರಾರು ಮರಗಳಿಗೆ ಆಯುಷ್ಯ ದೊರೆಯುತ್ತದೆ. ಇದಕ್ಕೆ ಉದ್ಘಾಟನೆಯ ಸಮಾರಂಭ ಮಾಡಲು ಬಾರದೆಂಬುದೊಂದೇ ಅದರ ದೋಷ.

ಕಾನೂನು ನಮ್ಮಲ್ಲಿ ಇಲ್ಲದೆ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯಕೂಡದೆಂದು ವಿಧಿಸುತ್ತದೆ. ಐವತ್ತಕ್ಕಿಂತ ಹೆಚ್ಚು ಮರಗಳ ಪ್ರಶ್ನೆಯಾದರೆ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯಬೇಕೆಂಬ ಉಪಬಂಧವೂ ಅದರಲ್ಲಿದೆ. ಆಕ್ಷೇಪಣೆ ಕರೆಯುವ ಪ್ರಕಟಣೆ ಯಾವ ಮೂಲೆಯಲ್ಲಿ ಅಚ್ಚಾಗುತ್ತದೆ, ಅದನ್ನು ಎಳನೀರಿನವನೂ ಕುರುಬನೂ ಓದುತ್ತಾರೆಯೆ ಎಂಬುದು ಬೇರೆ ಮಾತು. ನಾನು ಬೇಡುವುದು ಎರಡು ಸಣ್ಣ ತಿದ್ದುಪಡಿಗಳನ್ನು. ಮೊದಲನೆಯದು, ಅನುಮತಿಪತ್ರದಲ್ಲಿ ಮರಗಳ ಸಂಖ್ಯೆಯ ಜೊತೆಗೆ ಒಂದೊಂದರ ಜಾತಿ, ಸುತ್ತಳತೆ, ಅಂದಾಜು ವಯಸ್ಸು ಇವುಗಳನ್ನು ಬರೆದು, ವಯಸ್ಸುಗಳನ್ನು ಕೂಡಿಸಿ ಕೆಳಗೆ ಮೊತ್ತ ಹಾಕತಕ್ಕದ್ದು. ನೂರು ಮರಗಳನ್ನು ತೆಗೆಯಲು ರುಜುಮಾಡುವ ಅಧಿಕಾರಿಗೆ ತಾನು ಏಳು ಸಾವಿರ ವರ್ಷಗಳನ್ನು ತೆಗೆಯುತ್ತಿರುವೆನೆಂಬುದು ಅಂಕಿಗಳಲ್ಲಿಯೇ ಕಾಣಲಿ. ಎರಡನೆಯದು, ಆಕ್ಷೇಪಣೆಗಳನ್ನು ಕೇಳುವ ಸಭೆಯನ್ನು ಕಚೇರಿಯ ಸಭಾಂಗಣದಲ್ಲಿ ನಡೆಸದೆ ಆ ರಸ್ತೆಯಲ್ಲಿಯೇ, ಏಪ್ರಿಲ್ ತಿಂಗಳಿನ ಒಂದು ದಿನ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಡೆಸತಕ್ಕದ್ದು. ಅಧಿಕಾರಿಗಳು, ಇಂಜಿನಿಯರುಗಳು, ಗುತ್ತಿಗೆದಾರರು, ಊರವರು ಎಲ್ಲರೂ ಬರಲಿ. ಶಾಮಿಯಾನ ಮಾತ್ರ ಹಾಕಿಸಕೂಡದು.